ರಕ್ತದಾನ: ನಡೆದು ಬಂದ ದಾರಿ, ನಡೆಯಬೇಕಾದ ದಾರಿ

ದಾನಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಬಹಳ ಹಳೆಯದು. ಅನ್ನದಾನ, ವಿದ್ಯಾದಾನ, ಗೋದಾನ, ಭೂದಾನಗಳ ಮಹಿಮೆಯನ್ನು ಪುರಾಣಗಳೂ ಶಾಸನಗಳೂ ಒಂದೇ ಸಮನೆ ಸಾರಿವೆ. ಪಾರಿವಾಳವೊಂದರ ಪ್ರಾಣ ಉಳಿಸುವುದಕ್ಕಾಗಿ ತನ್ನ ಮೈಯ ಮಾಂಸವನ್ನೇ ಕೊಯ್ದು ತಕ್ಕಡಿಯಲ್ಲಿಟ್ಟ ಶಿಬಿ ಚಕ್ರವರ್ತಿ, ಲೋಕಹಿತಕ್ಕಾಗಿ ಬೆನ್ನೆಲುಬನ್ನು ಕೊಟ್ಟ ದಧೀಚಿ, ದೇವರಿಗೆ ಕಣ್ಣನ್ನೇ ಅರ್ಪಿಸಿದ ಬೇಡರ ಕಣ್ಣಪ್ಪ, ಇವರ ಕಥೆಗಳನ್ನು ಹರಿಕಥೆಯಲ್ಲಿ, ತಾಳಮದ್ದಳೆಯಲ್ಲಿ, ಬಯಲಾಟದಲ್ಲಿ ಕೇಳಿ ಕಂಡು ಬೆಳೆದ ನಾಡು ಇದು. ಆದರೆ ಈ ಮಹಾತ್ಯಾಗಗಳಲ್ಲಿ ಒಂದು ಸಮಾನ ಅಂಶವಿದೆ. ಕೊಟ್ಟದ್ದು ಹೋಯಿತು. ದಧೀಚಿ ಎರಡನೆಯ ಬಾರಿ ದಾನ ಮಾಡುವಂತಿರಲಿಲ್ಲ.

ಕೊಟ್ಟ ಮೇಲೂ ಮತ್ತೆ ತುಂಬಿಕೊಳ್ಳುವ, ಕೊಟ್ಟವನಿಗೆ ನಷ್ಟವಾಗದ, ಪಡೆದವನಿಗೆ ಪ್ರಾಣವೇ ಆಗುವ ದಾನವೊಂದು ಈ ಯುಗದ ಪಾಲಿಗೆ ಒದಗಿದೆ. ಅದು ರಕ್ತದಾನ. ಸೇದಿದ ಬಾವಿಯಲ್ಲಿ ಒರತೆ ಬರುವ ಹಾಗೆ ಕೊಟ್ಟ ನೆತ್ತರು ಮೈಯಲ್ಲಿ ಮತ್ತೆ ಊರುತ್ತದೆ. ಈ ದಾನ ಮನುಷ್ಯನಿಗೆ ಸಾಧ್ಯವಾದುದು ಹೇಗೆ ಎಂಬ ಚರಿತ್ರೆ ಸುಮಾರು ಮುನ್ನೂರೈವತ್ತು ವರ್ಷಗಳದು. ಅದನ್ನು ತಿಳಿದರೆ ಇಂದು ಮಾಡಬೇಕಾದುದೇನು ಎಂಬುದೂ ತಾನಾಗಿ ತಿಳಿಯುತ್ತದೆ.

ಕುರಿಯ ರಕ್ತದಿಂದ ಆರಂಭ

ನೆತ್ತರೆಂದರೆ ಜೀವ ಎಂಬ ಭಾವನೆ ಎಲ್ಲ ಜನಾಂಗಗಳಲ್ಲಿಯೂ ಇದೆ. ತುಳುನಾಡಿನ ಭೂತಾರಾಧನೆಯಲ್ಲಿ, ಮಲೆಯಾಳದ ದೇವಸ್ಥಾನಗಳಲ್ಲಿ ಅರಸಿನ ಮತ್ತು ಸುಣ್ಣ ಸೇರಿಸಿ ಮಾಡುವ ಕೆಂಪು ನೀರು ನೆತ್ತರಿನ ಸಂಕೇತವಾಗಿಯೇ ಬಂದಿದೆ. ಆದರೆ ಆ ನೆತ್ತರು ದೇಹದೊಳಗೆ ಹೇಗೆ ಓಡಾಡುತ್ತದೆ ಎಂಬುದು ಯುರೋಪಿನ ವಿಜ್ಞಾನಕ್ಕೆ ಸ್ಪಷ್ಟವಾದುದು 1628ರಲ್ಲಿ. ಆ ವರ್ಷ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ, ಹೃದಯವು ರಕ್ತವನ್ನು ದೇಹದಾದ್ಯಂತ ಒತ್ತಿ ಕಳುಹಿಸುತ್ತದೆ, ಅದೇ ರಕ್ತ ಸುತ್ತಿಕೊಂಡು ಹೃದಯಕ್ಕೆ ಮರಳುತ್ತದೆ ಎಂಬುದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಹರಿಯುವ ವಸ್ತುವಾದರೆ ಒಂದು ದೇಹದಿಂದ ಇನ್ನೊಂದಕ್ಕೆ ಏಕೆ ಹರಿಸಬಾರದು ಎಂಬ ಯೋಚನೆ ಅದರ ಬೆನ್ನಿಗೇ ಬಂದಿತು. ಇಂಗ್ಲೆಂಡಿನ ರಿಚರ್ಡ್ ಲೋವರ್ ಎಂಬ ವೈದ್ಯನು ಒಂದು ನಾಯಿಯ ರಕ್ತವನ್ನು ಮತ್ತೊಂದಕ್ಕೆ ಹರಿಸಿ ಯಶಸ್ಸು ಕಂಡನು.

1667ರಲ್ಲಿ ಪ್ಯಾರಿಸಿನಲ್ಲಿ ಜ್ಯಾಂ ಬ್ಯಾಪ್ಟಿಸ್ಟ್ ದೆನಿ ಎಂಬ ವೈದ್ಯನು ಜ್ವರದಿಂದ ಬಳಲಿದ್ದ 15 ವರ್ಷದ ಹುಡುಗನೊಬ್ಬನಿಗೆ ಕುರಿಯ ರಕ್ತವನ್ನು ಕೊಟ್ಟನು. ಹುಡುಗ ಬದುಕಿಕೊಂಡನು. ಕೊಟ್ಟ ಪ್ರಮಾಣ ಅತಿ ಕಡಿಮೆಯಾಗಿದ್ದುದೇ ಅದಕ್ಕೆ ಕಾರಣವೆಂದು ಇಂದಿನ ವೈದ್ಯರು ತಿಳಿಯುತ್ತಾರೆ. ಅದೇ ವೈದ್ಯನಿಂದ ಕರುವಿನ ರಕ್ತ ಪಡೆದ ಮತ್ತೊಬ್ಬ ರೋಗಿ ಮುಂದೆ ತೀರಿಕೊಂಡಾಗ ಮೊಕದ್ದಮೆಯೇ ನಡೆಯಿತು. ವೈದ್ಯನು ದೋಷಮುಕ್ತನಾದರೂ ಫ್ರಾನ್ಸಿನಲ್ಲಿ ಈ ಚಿಕಿತ್ಸೆಗೆ ನಿಷೇಧ ಬಿದ್ದಿತು. ಮುಂದಿನ ಸುಮಾರು ನೂರೈವತ್ತು ವರ್ಷ ಯಾರೂ ಈ ದಾರಿಯಲ್ಲಿ ಹೆಚ್ಚು ದೂರ ನಡೆಯಲಿಲ್ಲ.

ಆ ಮುಚ್ಚಿದ ದಾರಿಯನ್ನು ಮತ್ತೆ ತೆರೆಸಿದ್ದು ತಾಯಂದಿರ ಮರಣ. ಲಂಡನಿನ ಪ್ರಸೂತಿ ವೈದ್ಯ ಜೇಮ್ಸ್ ಬ್ಲಂಡೆಲ್, ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ಹೆಂಗಸರು ಕಣ್ಣೆದುರೇ ಸಾಯುವುದನ್ನು ಕಂಡು ಮರುಗಿದನು. ಮನುಷ್ಯನಿಗೆ ಮನುಷ್ಯನ ರಕ್ತವೇ ಆಗಬೇಕೆಂದು ಅವನು ಕಂಡುಕೊಂಡು 1818ರಲ್ಲಿ ಮೊದಲ ಪ್ರಯತ್ನ ಮಾಡಿದನು. ಬಳಿಕ 1829ರಲ್ಲಿ ಬಾಣಂತಿಯೊಬ್ಬಳನ್ನು ಈ ವಿಧಾನದಿಂದ ಬದುಕಿಸಿದ ಸಂಗತಿ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಅವನ ಪ್ರಯತ್ನಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಫಲಿಸಿದವು. ಒಬ್ಬರಿಗೆ ಅಮೃತವಾದ ರಕ್ತ ಇನ್ನೊಬ್ಬರಿಗೆ ವಿಷವಾಗುತ್ತಿದ್ದುದರ ಕಾರಣ ಯಾರಿಗೂ ಗೊತ್ತಿರಲಿಲ್ಲ.

ಗುಂಪುಗಳ ಆವಿಷ್ಕಾರ

ಈ ಒಗಟನ್ನು ಬಿಡಿಸಿದವನು ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್. ಅವನು ತನ್ನ ಮತ್ತು ಜತೆಯ ಕೆಲಸಗಾರರ ರಕ್ತವನ್ನು ತೆಗೆದು, ಕಣಗಳನ್ನೂ ರಸವನ್ನೂ ಬೇರ್ಪಡಿಸಿ, ಒಬ್ಬರದನ್ನು ಇನ್ನೊಬ್ಬರದರೊಡನೆ ಬೆರೆಸಿ ನೋಡಿದನು. ಕೆಲವು ಸುಮ್ಮನೆ ಬೆರೆತವು, ಕೆಲವು ಗಂಟುಗಟ್ಟಿದವು. ಇದರ ಆಧಾರದಿಂದ 1901ರಲ್ಲಿ ಅವನು ರಕ್ತವನ್ನು ಮೂರು ಗುಂಪುಗಳಾಗಿ ವಿಂಗಡಿಸಿದನು. ಅವುಗಳೇ ಇಂದಿನ ಎ, ಬಿ ಮತ್ತು ಓ. ಎಬಿ ಎಂಬ ನಾಲ್ಕನೆಯ ಗುಂಪನ್ನು ಮರುವರ್ಷ ಅವನ ಸಹವರ್ತಿಗಳು ಗುರುತಿಸಿದರು. ಈ ಸಾಧನೆಗೆ ಲ್ಯಾಂಡ್‌ಸ್ಟೈನರನಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆರ್‌ಎಚ್ ಅಂಶದ ಶೋಧದಲ್ಲಿಯೂ ಅವನ ಪಾಲಿದೆ. ಅದು 1940ರಲ್ಲಿ ಪ್ರಕಟವಾಯಿತು. ಅವನ ಜನ್ಮದಿನವಾದ ಜೂನ್ 14ನ್ನು 2004ರಿಂದ ವಿಶ್ವ ರಕ್ತದಾನಿಗಳ ದಿನವಾಗಿ ಆಚರಿಸಲಾಗುತ್ತಿದೆ.

ಗಮನಿಸಬೇಕಾದ ಒಂದು ಮಾತಿದೆ. ಈ ಗುಂಪುಗಳಿಗೂ ಜಾತಿ, ಮತ, ಭಾಷೆಗಳಿಗೂ ಏನೇನೂ ಸಂಬಂಧವಿಲ್ಲ. ಒಡಹುಟ್ಟಿದವರ ರಕ್ತ ಪರಸ್ಪರ ಹೊಂದದೆ, ಹೆಸರೇ ಕೇಳದ ಪರಸ್ಥಳದವನ ರಕ್ತ ಹೊಂದಬಹುದು. ರಕ್ತಸಂಬಂಧವೆಂಬ ಮಾತಿಗೆ ವಿಜ್ಞಾನವು ಹೀಗೊಂದು ಹೊಸ ಅರ್ಥವನ್ನು ಕೊಟ್ಟಿತು.

ಇನ್ನೊಂದು ತೊಡಕು ಉಳಿದಿತ್ತು. ದೇಹದಿಂದ ಹೊರಬಂದ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಆದ್ದರಿಂದ ಕೊಡುವವನನ್ನು ರೋಗಿಯ ಪಕ್ಕದಲ್ಲಿಯೇ ಮಲಗಿಸಬೇಕಾಗಿತ್ತು. 1914ರಲ್ಲಿ ಬೆಲ್ಜಿಯಂ ಮತ್ತು ಅರ್ಜೆಂಟೀನಾ ದೇಶಗಳ ವೈದ್ಯರು ಸೋಡಿಯಂ ಸಿಟ್ರೇಟ್ ಎಂಬ ಲವಣವನ್ನು ಸೇರಿಸಿದರೆ ರಕ್ತ ಹೆಪ್ಪುಗಟ್ಟದೆ ಉಳಿಯುತ್ತದೆಂದು ತೋರಿಸಿಕೊಟ್ಟರು. 1917ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಆಸ್ವಾಲ್ಡ್ ರಾಬರ್ಟ್‌ಸನ್ ಎಂಬ ವೈದ್ಯಾಧಿಕಾರಿ ಓ ಗುಂಪಿನ ರಕ್ತವನ್ನು ಮುಂಚಿತವಾಗಿ ಸಂಗ್ರಹಿಸಿ, ಮಂಜುಗಡ್ಡೆಯಲ್ಲಿಟ್ಟು, ಗಾಯಾಳುಗಳಿಗೆ ಒದಗಿಸಿದನು. ದಾನಿಯೂ ರೋಗಿಯೂ ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿನಲ್ಲಿ ಇರಬೇಕೆಂಬ ನಿರ್ಬಂಧ ಅಲ್ಲಿಗೆ ಸಡಿಲವಾಯಿತು.

ದಾನಿ ಎಂಬವನ ಹುಟ್ಟು

ಇಷ್ಟೆಲ್ಲ ಆದರೂ ಕೊಡುವವರು ಯಾರು? ರೋಗಿಯ ನೆಂಟರು, ಇಲ್ಲವಾದರೆ ಹಣಕ್ಕಾಗಿ ಬರುವವರು. ಈ ಸ್ಥಿತಿ ಬದಲಾದುದು ಯಾವ ದೊಡ್ಡ ವಿಜ್ಞಾನಿಯಿಂದಲೂ ಅಲ್ಲ, ಸಾಮಾನ್ಯ ಕಾರ್ಯಕರ್ತನೊಬ್ಬನಿಂದ ಎಂಬುದು ಈ ಚರಿತ್ರೆಯ ಅತ್ಯಂತ ಸುಂದರವಾದ ಭಾಗ. ಪರ್ಸಿ ಲೇನ್ ಆಲಿವರ್ ಎಂಬಾತ ಲಂಡನಿನ ಕ್ಯಾಂಬರ್‌ವೆಲ್ ಭಾಗದ ರೆಡ್‌ಕ್ರಾಸ್ ಶಾಖೆಯ ಕಾರ್ಯದರ್ಶಿಯಾಗಿದ್ದನು. 1921ರಲ್ಲಿ ಹತ್ತಿರದ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಿಂದ ತುರ್ತಾಗಿ ರಕ್ತ ಬೇಕೆಂದು ಕರೆ ಬಂದಿತು. ಆತನೂ ಶಾಖೆಯ ಕೆಲವು ಮಂದಿಯೂ ಆಸ್ಪತ್ರೆಗೆ ಧಾವಿಸಿದರು. ಅವರಲ್ಲಿ ಒಬ್ಬ ದಾದಿಯ ರಕ್ತ ಹೊಂದಿತು.

ಅಷ್ಟಕ್ಕೆ ಸಮಾಧಾನಪಟ್ಟು ಸುಮ್ಮನಿರುತ್ತಿದ್ದರೆ ಆಲಿವರನ ಹೆಸರು ಉಳಿಯುತ್ತಿರಲಿಲ್ಲ. ನಾಳೆ ಮತ್ತೆ ಕರೆ ಬಂದರೆ ಏನು ಮಾಡುವುದು ಎಂದು ಆತ ಯೋಚಿಸಿದನು. ಕೊಡಲು ಒಪ್ಪಿದವರ ಹೆಸರು, ವಿಳಾಸ, ಗುಂಪು ಇವುಗಳನ್ನು ಚೀಟಿಗಳಲ್ಲಿ ಬರೆದು ಜೋಡಿಸಿದನು. ಅವರ ಆರೋಗ್ಯವನ್ನು ಪರೀಕ್ಷೆ ಮಾಡಿಸಿದನು. ಹಣ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ ಎಂಬ ನಿಯಮವನ್ನು ಬಿಗಿಯಾಗಿ ಹಿಡಿದನು. ತನ್ನ ಮನೆಯನ್ನೇ ಕಚೇರಿಯಾಗಿಸಿ, ಹೆಂಡತಿಯ ನೆರವಿನಿಂದ ಹಗಲು ರಾತ್ರಿ ಕರೆಗಳಿಗೆ ಓಗೊಟ್ಟನು. ಸ್ವಯಂಪ್ರೇರಿತ ರಕ್ತದಾನಿಗಳ ಮೊದಲ ವ್ಯವಸ್ಥಿತ ಸೇವೆ ಇದು. ಇದರ ಬಂಡವಾಳ ಒಂದು ಚೀಟಿಪೆಟ್ಟಿಗೆ ಮತ್ತು ಕೆಲವು ಮಂದಿಯ ಕೊಟ್ಟ ಮಾತು, ಅಷ್ಟೆ.

1937ರಲ್ಲಿ ಅಮೆರಿಕದ ಶಿಕಾಗೋ ನಗರದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ಎಂಬ ವೈದ್ಯನು ರಕ್ತದ ಸಂಗ್ರಹಾಗಾರವನ್ನು ತೆರೆದು ಅದಕ್ಕೆ ಬ್ಲಡ್ ಬ್ಯಾಂಕ್ ಎಂಬ ಹೆಸರನ್ನಿಟ್ಟನು. ಎರಡನೆಯ ಮಹಾಯುದ್ಧ ಬಂದಾಗ ಇದೇ ಏರ್ಪಾಡು ದೊಡ್ಡದಾಯಿತು. 1940ರಲ್ಲಿ ಬ್ರಿಟನಿಗೆ ಅಮೆರಿಕದಿಂದ ಪ್ಲಾಸ್ಮಾ ಕಳುಹಿಸುವ ಯೋಜನೆಯನ್ನು ನಡೆಸಿದವನು ಚಾರ್ಲ್ಸ್ ಡ್ರೂ ಎಂಬ ಕರಿಯ ಜನಾಂಗದ ವೈದ್ಯ. ಆದರೆ ಅದೇ ದೇಶದಲ್ಲಿ ಕರಿಯರ ರಕ್ತವನ್ನು ಮೊದಲು ಸ್ವೀಕರಿಸಲಿಲ್ಲ. ಸ್ವೀಕರಿಸಿದ ಮೇಲೂ ಬಿಳಿಯರ ರಕ್ತದಿಂದ ಬೇರೆಯಾಗಿಯೇ ಇಟ್ಟರು. ಇದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲವೆಂದು ಡ್ರೂ ಸ್ಪಷ್ಟವಾಗಿ ಹೇಳಿದನು. ಅಲ್ಲಿನ ರೆಡ್‌ಕ್ರಾಸ್ ಆ ಪದ್ಧತಿಯನ್ನು ಬಿಟ್ಟುದು 1950ರಲ್ಲಿ. ವಿದ್ಯಾವಂತ ದೇಶವೆನಿಸಿಕೊಂಡಲ್ಲಿಯೂ ನೆತ್ತರಿಗೆ ಮಡಿ ಮೈಲಿಗೆ ಕಟ್ಟಿದ್ದರೆಂಬುದು ನೆನಪಿನಲ್ಲಿರಬೇಕಾದ ಪಾಠ.

ಭಾರತದಲ್ಲಿ

ಭಾರತದಲ್ಲಿ ರಕ್ತನಿಧಿಯ ಕೆಲಸ ಬೇರೂರಿದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಕಲ್ಕತ್ತೆಯಲ್ಲಿ. ಸ್ವಾತಂತ್ರ್ಯದ ತರುವಾಯ ದೊಡ್ಡ ಆಸ್ಪತ್ರೆಗಳಲ್ಲಿ ಬ್ಲಡ್ ಬ್ಯಾಂಕುಗಳು ಬಂದವು. 1952ರಲ್ಲಿ ಮುಂಬಯಿಯ ವೈದ್ಯ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಎ, ಬಿ, ಓ ಯಾವುದಕ್ಕೂ ಹೊಂದದ ಅಪೂರ್ವ ಗುಂಪೊಂದನ್ನು ಪ್ರಕಟಿಸಿದರು. ಅದು ಜಗತ್ತಿನ ವೈದ್ಯಗ್ರಂಥಗಳಲ್ಲಿ ಬಾಂಬೆ ಗುಂಪು ಎಂದೇ ಹೆಸರಾಗಿದೆ. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರಲ್ಲಿ ಕಾಣುವ ಈ ಗುಂಪಿನವರಿಗೆ ಅದೇ ಗುಂಪಿನವರ ರಕ್ತವೇ ಆಗಬೇಕು.

1954ರಿಂದ ಮುಂಬಯಿಯಲ್ಲಿ ಲೀಲಾ ಮೂಳಗಾಂವ್ಕರ್ ಎಂಬ ಮಹಿಳೆ ಸ್ವಯಂಪ್ರೇರಿತ ರಕ್ತದಾನದ ಶಿಬಿರಗಳನ್ನು ಏರ್ಪಡಿಸತೊಡಗಿದರು. 1971ರಲ್ಲಿ ಡಾ. ಜೆ. ಜಿ. ಜಾಲಿ ಮೊದಲಾದವರ ಪ್ರಯತ್ನದಿಂದ ರಕ್ತಪೂರಣ ವಿಜ್ಞಾನದ ರಾಷ್ಟ್ರೀಯ ಸಂಘ ಸ್ಥಾಪಿತವಾಯಿತು. 1975ರಿಂದ ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವೆನಿಸಿತು.

ಆದರೂ ಇನ್ನೊಂದು ಕಡೆ ರಕ್ತದ ವ್ಯಾಪಾರ ನಡೆದೇ ಇತ್ತು. ಬಡವರು, ರೋಗಿಗಳು, ಕುಡಿತಕ್ಕೆ ದಾಸರಾದವರು ಹೊಟ್ಟೆಪಾಡಿಗಾಗಿ ಮತ್ತೆ ಮತ್ತೆ ರಕ್ತ ಮಾರುತ್ತಿದ್ದರು. ಹಣಕ್ಕಾಗಿ ಬಂದವನು ತನ್ನ ಕಾಯಿಲೆಯನ್ನು ಹೇಳುವನೆ? 1986ರಲ್ಲಿ ಭಾರತದಲ್ಲಿ ಎಚ್‌ಐವಿ ಸೋಂಕು ಪತ್ತೆಯಾದ ಮೇಲೆ ಇದರ ಅಪಾಯ ಎಲ್ಲರ ಕಣ್ಣಿಗೂ ಕಾಣಿಸಿತು. 1989ರಲ್ಲಿ ಆ ಪರೀಕ್ಷೆ ಕಡ್ಡಾಯವಾಯಿತು. ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ ದಾವೆಯಲ್ಲಿ 1996ರ ಜನವರಿ 4ರಂದು ಸುಪ್ರೀಂ ಕೋರ್ಟು ಮಹತ್ವದ ತೀರ್ಪು ನೀಡಿತು. ಪರವಾನಗಿ ಇಲ್ಲದ ಬ್ಲಡ್ ಬ್ಯಾಂಕುಗಳು ನಡೆಯಕೂಡದು, ಎರಡು ವರ್ಷಗಳೊಳಗೆ ಹಣಕ್ಕೆ ರಕ್ತ ಕೊಡುವ ಪದ್ಧತಿ ನಿಲ್ಲಬೇಕು ಎಂದು ಅದು ಆಜ್ಞಾಪಿಸಿತು. ಅದರಂತೆ 1998ರ ಜನವರಿ 1ರಿಂದ ರಕ್ತದ ಮಾರಾಟಕ್ಕೆ ದೇಶದಲ್ಲಿ ನಿಷೇಧ ಬಂದಿತು. 2002ರಲ್ಲಿ ರಾಷ್ಟ್ರೀಯ ರಕ್ತ ನೀತಿ ರೂಪುಗೊಂಡಿತು. 2020ರ ನಿಯಮಗಳಲ್ಲಿ ಬ್ಲಡ್ ಬ್ಯಾಂಕ್ ಎಂಬ ಹೆಸರೂ ಹೋಗಿ ರಕ್ತ ಕೇಂದ್ರ ಎಂದಾಗಿದೆ. ಇಂದು ಕೊಟ್ಟ ಪ್ರತಿಯೊಂದು ಘಟಕವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯ ಎಂಬ ಐದು ರೋಗಗಳಿಗಾಗಿ ಪರೀಕ್ಷಿಸಲೇಬೇಕು.

ಕಾನೂನು ಮಾರಾಟವನ್ನು ನಿಲ್ಲಿಸಬಲ್ಲದು. ಆದರೆ ದಾನಿಗಳನ್ನು ಹುಟ್ಟಿಸಲಾರದು. ಆ ಕೆಲಸ ಸಮಾಜದ್ದು.

ಗಡಿನಾಡಿನ ಮಾತು

ಕಾಸರಗೋಡಿನ ಜನರಿಗೆ ಈ ವಿಷಯ ದೂರದ್ದಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಈ ಪ್ರದೇಶ ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಆದರೆ ರೋಗ ಬಲಿತಾಗ, ಹೆರಿಗೆ ಕಷ್ಟವಾದಾಗ, ಅಪಘಾತವಾದಾಗ ಮಂಗಳೂರಿನ ಆಸ್ಪತ್ರೆಗಳಿಗೆ ಓಡುವ ರೂಢಿ ಮದ್ರಾಸ್ ಆಧಿಪತ್ಯದ ಕಾಲದಿಂದ ಇಂದಿನವರೆಗೂ ತಪ್ಪಿಲ್ಲ. ಅಲ್ಲಿನ ವೆನ್ಲಾಕ್ ಆಸ್ಪತ್ರೆಯ ಹೆಸರು ಮಂಜೇಶ್ವರ, ಕುಂಬಳೆ, ಬದಿಯಡ್ಕದ ಹಿರಿಯರ ಬಾಯಲ್ಲಿ ಊರಿನ ಆಸ್ಪತ್ರೆಯ ಹೆಸರಿನಂತೆಯೇ ಬರುತ್ತದೆ.

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿಗೆ ಹೋಗಬೇಕಿದ್ದ ಹಲವು ರೋಗಿಗಳು ದಾರಿ ಕಾಣದೆ ತೀರಿಕೊಂಡರು. ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ರಸ್ತೆಯ ಮೇಲೆ ಮಣ್ಣು ಹಾಕಿದರೆ ಆಂಬುಲೆನ್ಸು ನಿಲ್ಲುತ್ತದೆ, ರಕ್ತಸ್ರಾವ ನಿಲ್ಲುವುದಿಲ್ಲ ಎಂಬುದನ್ನು ಆ ದಿನಗಳು ಕಲಿಸಿದವು. ಗಡಿಯ ಈಚೆಗೂ ಆಚೆಗೂ ರಕ್ತ ಸಿದ್ಧವಾಗಿರಬೇಕು, ಎರಡೂ ಕಡೆಯ ಕೇಂದ್ರಗಳಿಗೆ ಕೊಡುವವರು ಇರಬೇಕು ಎಂಬುದು ಅದರಿಂದ ತಿಳಿಯುವ ಮಾತು.

ಗಡಿನಾಡಿನ ಬೇರೆ ಭಾಗಗಳಿಗೂ ಇದು ಅನ್ವಯಿಸುತ್ತದೆ. ನೀಲಗಿರಿಯ ಬುಡಕಟ್ಟು ಜನರಲ್ಲಿ ಕುಡಗೋಲು ಆಕಾರದ ರಕ್ತಕಣಗಳ ವಂಶಪಾರಂಪರ್ಯ ದೋಷವಿದೆಯೆಂದು 1952ರಲ್ಲಿಯೇ ವಿಜ್ಞಾನಿಗಳು ಕಂಡುಕೊಂಡಿದ್ದರು. ವಯನಾಡಿನ ಹಲವು ಸಮುದಾಯಗಳಲ್ಲಿಯೂ ಅದು ಇದೆ. ಇಂತಹ ರೋಗಿಗಳಲ್ಲಿ ಅನೇಕರಿಗೆ ಆಗಾಗ ರಕ್ತ ಬೇಕಾಗುತ್ತದೆ. ತಲಸ್ಸೀಮಿಯ ತೀವ್ರವಾಗಿರುವ ಮಕ್ಕಳಿಗಂತೂ ಮೂರು ನಾಲ್ಕು ವಾರಗಳಿಗೊಮ್ಮೆ ರಕ್ತ ಸಿಗಲೇಬೇಕು. ಆ ಮಗುವಿನ ಜೀವ ಯಾವುದೋ ಒಂದು ಶಿಬಿರದಿಂದ ಉಳಿಯುವುದಿಲ್ಲ. ತಪ್ಪದೆ ಬರುವ ದಾನಿಗಳಿಂದ ಉಳಿಯುತ್ತದೆ.

ಜಾತ್ರೆಯೂ ನಿತ್ಯಪೂಜೆಯೂ

ಉತ್ಸವಗಳ ಸಂದರ್ಭದಲ್ಲಿ ರಕ್ತದಾನ ಶಿಬಿರ ನಡೆಸುವುದು ಈಗ ಅನೇಕ ದೇವಸ್ಥಾನಗಳಲ್ಲಿ ರೂಢಿಯಾಗಿದೆ. ಇದು ಅತ್ಯಂತ ಶ್ಲಾಘನೀಯ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ರಕ್ತವನ್ನು ಅಕ್ಕಿಯ ಹಾಗೆ ಉಗ್ರಾಣದಲ್ಲಿ ಕೂಡಿಡಲು ಬರುವುದಿಲ್ಲ. ಕೆಂಪು ಕಣಗಳನ್ನು ಶೀತಲ ಪೆಟ್ಟಿಗೆಯಲ್ಲಿ 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್ ಕಣಗಳು ಬಾಳುವುದು ಕೇವಲ 5 ದಿನ. ಮಳೆಗಾಲದಲ್ಲಿ ಕರಾವಳಿಯಲ್ಲಿ ಡೆಂಗ್ಯೂ ಹರಡಿದಾಗ ಓಡಾಡಿ ಹುಡುಕುವುದು ಈ ಪ್ಲೇಟ್‌ಲೆಟ್‌ಗಳನ್ನೇ. ಕುಂಭ ಮೀನ ಮಾಸದ ಜಾತ್ರೆಯಲ್ಲಿ ಕೊಟ್ಟ ರಕ್ತ ಕರ್ಕಾಟಕದ ಜ್ವರಕ್ಕೆ ಒದಗುವುದಿಲ್ಲ.

ಎಷ್ಟೇ ವೈಭವದ ಜಾತ್ರೆ ನಡೆದರೂ ಮರುದಿನ ಬೆಳಗ್ಗೆ ಗರ್ಭಗುಡಿಯ ಬಾಗಿಲು ತೆರೆದು, ದೀಪ ಹಚ್ಚಿ, ನೈವೇದ್ಯ ಇಡಲೇಬೇಕು. ಜಾತ್ರೆ ಆಯಿತಲ್ಲ, ಇನ್ನು ಮುಂದಿನ ವರ್ಷ ನೋಡಿದರಾಯಿತು ಎಂದು ಯಾವ ತಂತ್ರಿಗಳೂ ಯಾವ ಮೊಕ್ತೇಸರರೂ ಹೇಳಲಾರರು. ರಕ್ತದಾನಕ್ಕೂ ಅದೇ ನ್ಯಾಯ. ಶಿಬಿರವು ಜಾತ್ರೆ, ಕ್ರಮ ತಪ್ಪದೆ ಕೊಡುವುದು ನಿತ್ಯಪೂಜೆ. ಒಂದು ದೇವಸ್ಥಾನದ ಸೀಮೆಯಲ್ಲಿ 200 ಮಂದಿ ವರ್ಷಕ್ಕೆ ಎರಡು ಬಾರಿ, ತಮ್ಮ ತಮ್ಮ ಸರದಿಯಲ್ಲಿ ರಕ್ತ ಕೊಟ್ಟರೆ ವರ್ಷಕ್ಕೆ 400 ಘಟಕಗಳಾಗುತ್ತವೆ. ದಿನಕ್ಕೊಂದಕ್ಕಿಂತಲೂ ಹೆಚ್ಚು. ನಂದಾದೀಪಕ್ಕೆ ಎಣ್ಣೆಯ ಸರದಿ ಹಾಕಿದ ಹಾಗೆ ಈ ಸರದಿಯನ್ನೂ ಹಾಕಬಹುದು. ಆಲಿವರನ ಚೀಟಿಪೆಟ್ಟಿಗೆಯ ಕೆಲಸವನ್ನು ಸೇವಾಸಮಿತಿಯ ಒಂದು ನೋಟುಪುಸ್ತಕ ಮಾಡಬಲ್ಲದು. ನೂರರಲ್ಲಿ ಐದರಷ್ಟು ಮಂದಿಗೆ ಮಾತ್ರ ಇರುವ ನೆಗೆಟಿವ್ ಗುಂಪಿನವರು ಊರಿನಲ್ಲಿ ಯಾರಿದ್ದಾರೆಂಬುದು ಆ ಪುಸ್ತಕದಿಂದ ನಡುರಾತ್ರಿಯಲ್ಲಿಯೂ ತಿಳಿಯುತ್ತದೆ.

ಕ್ರಮ ತಪ್ಪದ ದಾನಿಯ ರಕ್ತವೇ ಹೆಚ್ಚು ಸುರಕ್ಷಿತವೆಂಬುದಕ್ಕೂ ಕಾರಣವಿದೆ. ಅವನಿಗೆ ಕಾಯಿಲೆ ಮುಚ್ಚಿಡುವ ಅಗತ್ಯವಿಲ್ಲ. ಪ್ರತಿ ಬಾರಿಯೂ ಅವನ ರಕ್ತ ಪರೀಕ್ಷೆಗೊಳಗಾಗಿರುತ್ತದೆ. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಎಂಬವರು ಹದಿನಾಲ್ಕನೆಯ ವಯಸ್ಸಿನಲ್ಲಿ ಎದೆಯ ಶಸ್ತ್ರಚಿಕಿತ್ಸೆಗೆ ಒಳಗಾಗಿ ಅಪರಿಚಿತರ ರಕ್ತದಿಂದ ಬದುಕಿದವರು. ಆ ಋಣ ತೀರಿಸಲು 1954ರಿಂದ 2018ರವರೆಗೆ 1173 ಬಾರಿ ದಾನ ಮಾಡಿದರು. ಅದರಲ್ಲಿ ಹೆಚ್ಚಿನದು ಪ್ಲಾಸ್ಮಾ. ಆರ್‌ಎಚ್ ವ್ಯತ್ಯಾಸದಿಂದ ಗರ್ಭಸ್ಥ ಶಿಶುಗಳಿಗೆ ಬರುವ ಅಪಾಯವನ್ನು ತಡೆಯುವ ಔಷಧ ಅದರಿಂದ ತಯಾರಾಯಿತು. ಸುಮಾರು 24 ಲಕ್ಷ ಶಿಶುಗಳಿಗೆ ಅದರಿಂದ ರಕ್ಷಣೆ ದೊರೆತಿದೆಯೆಂದು ಅಲ್ಲಿನ ರೆಡ್‌ಕ್ರಾಸ್ ಅಂದಾಜು ಮಾಡಿದೆ. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಸಿರಿವಂತರಲ್ಲ, ಪಂಡಿತರಲ್ಲ. ಮಾಡಿದ್ದು ಒಂದೇ ಕೆಲಸ, ಕರೆದ ದಿನ ಹೋಗಿ ತೋಳು ಚಾಚಿದ್ದು.

ಯಾರು ಕೊಡಬಹುದು

18ರಿಂದ 65 ವರ್ಷದೊಳಗಿನ, 45 ಕಿಲೋ ಅಥವಾ ಹೆಚ್ಚು ತೂಕದ, ಹಿಮೋಗ್ಲೋಬಿನ್ 12.5 ಗ್ರಾಂಗೆ ಕಡಿಮೆಯಿಲ್ಲದ ಆರೋಗ್ಯವಂತರು ರಕ್ತ ಕೊಡಬಹುದು. ಮೊದಲ ಬಾರಿ ಕೊಡುವವರಿಗೆ ವಯಸ್ಸು 60 ಮೀರಿರಬಾರದು. ಗಂಡಸರು 90 ದಿನಗಳಿಗೊಮ್ಮೆ, ಹೆಂಗಸರು 120 ದಿನಗಳಿಗೊಮ್ಮೆ ಕೊಡಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಕೊಡಬಾರದು. ಮಲೇರಿಯ ಬಂದು ಗುಣವಾದವರು ಮೂರು ತಿಂಗಳು ಕಾಯಬೇಕು. ಭಕ್ತರು ವಿಶೇಷವಾಗಿ ಗಮನಿಸಬೇಕಾದುದೆಂದರೆ, ಉಪವಾಸವಿದ್ದವರು ರಕ್ತ ಕೊಡುವಂತಿಲ್ಲ. ಏಕಾದಶಿ, ಶಿವರಾತ್ರಿಯ ವ್ರತದವರು ಬೇರೆ ದಿನ ಆರಿಸಿಕೊಳ್ಳಬೇಕು. ಉತ್ಸವದ ದಿನ ಶಿಬಿರವಿದ್ದರೆ ಊಟ ಮಾಡಿಯೇ ಬರಬೇಕು.

ರಕ್ತ ಕೊಟ್ಟರೆ ದುಡಿಯುವ ಶಕ್ತಿ ಕುಂದುತ್ತದೆ ಎಂಬ ಭಯ ಇನ್ನೂ ಹಲವರಲ್ಲಿದೆ. ದೇಹದಲ್ಲಿರುವುದು ಸುಮಾರು 5 ಲೀಟರ್, ತೆಗೆಯುವುದು 350 ಅಥವಾ 450 ಮಿಲಿಲೀಟರ್. ಅದರ ದ್ರವಾಂಶ ಒಂದೆರಡು ದಿನಗಳಲ್ಲಿ, ಕಣಗಳು ಕೆಲವು ವಾರಗಳಲ್ಲಿ ಭರ್ತಿಯಾಗುತ್ತವೆ. ಕೊಡದೆ ಉಳಿಸಿಕೊಂಡರೂ ಕೆಂಪು ಕಣದ ಆಯುಸ್ಸು ಸುಮಾರು 120 ದಿನ ಮಾತ್ರ. ಹೇಗೂ ನಶಿಸುವ ಕಣ ಇನ್ನೊಬ್ಬರಿಗೆ ಪ್ರಾಣವಾದರೆ ಅದಕ್ಕಿಂತ ಧನ್ಯತೆ ಏನಿದೆ? ಹದಿನೆಂಟರಲ್ಲಿ ಆರಂಭಿಸಿ ಅರುವತ್ತರವರೆಗೆ ವರ್ಷಕ್ಕೆ ಎರಡೇ ಬಾರಿ ಕೊಟ್ಟವನು 84 ಬಾರಿ ದಾನ ಮಾಡಿದಂತಾಗುತ್ತದೆ.

ಶಿಬಿಯ ಮುಂದೆ ಪಾರಿವಾಳವಿತ್ತು. ಇಂದಿನ ದಾನಿಗೆ ಪಡೆಯುವವರ ಮುಖ ಕಾಣುವುದಿಲ್ಲ. ಹೆಸರು, ಜಾತಿ, ಊರು, ಭಾಷೆ ಯಾವುದೂ ತಿಳಿಯುವುದಿಲ್ಲ. ಗಡಿಯಾಚೆಯ ಯಾವುದೋ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬಳು ಕಣ್ಣು ತೆರೆದು ಮಗುವನ್ನು ಕೇಳುತ್ತಾಳೆ. ಅವಳಿಗೆ ಕೊಟ್ಟವರು ಯಾರೆಂದು ಗೊತ್ತಿಲ್ಲ, ಕೊಟ್ಟವರಿಗೂ ಅವಳಾರೆಂದು ಗೊತ್ತಿಲ್ಲ. ಫಲಾಪೇಕ್ಷೆಯಿಲ್ಲದ ಕರ್ಮಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಹುಡುಕಬೇಕಾಗಿಲ್ಲ. ಈ ವರ್ಷದ ಉತ್ಸವದ ಪ್ರಸಾದ ಸ್ವೀಕರಿಸಿ ಮನೆಗೆ ಮರಳುವ ಭಕ್ತರು, ಮುಂದಿನ ದಾನದ ದಿನವನ್ನು ಪಂಚಾಂಗದಲ್ಲಿ ಗುರುತು ಮಾಡಿಕೊಂಡರೆ ಉತ್ಸವ ಸಾರ್ಥಕ. ಶ್ರೀ ದೇವರು ಸರ್ವರಿಗೂ ಆಯುರಾರೋಗ್ಯವನ್ನೂ ಕೊಡುವ ಮನಸ್ಸನ್ನೂ ಅನುಗ್ರಹಿಸಲಿ.